ಗದ್ದಲವೆಂದು ತೆಗೆದುಹಾಕಿದ ದನಿ

ಕೋವಿಡ್ ಮುಗಿದ ಮರುವರ್ಷ ನಾನು ಚೆನ್ನೈನ ಮೈಲಾಪೂರಿನಲ್ಲಿ ಆಡಿಯೊ ರಿಸ್ಟೊರೇಶನ್ ಎಂಜಿನಿಯರ್ ಆಗಿದ್ದೆ. ಹಳೆಯ ರೆಕಾರ್ಡುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಕರಕರ ಸದ್ದು ತೆಗೆದುಕೊಡುವ ಕೆಲಸ. ಇಪ್ಪತ್ತೆರಡು ವರ್ಷದ ಅನುಭವ. ಬರುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಹರಿಕಥೆ, ಸಂಗೀತ ಕಚೇರಿ, ಭಾಷಣ. ನನ್ನ ಕಿವಿಯ ಬಗ್ಗೆ ನನಗೆ ಜಂಬವೇ ಇತ್ತು.

ಒಂದು ಬೆಳಿಗ್ಗೆ ಪೆರಂಬೂರಿನಿಂದ ಎಪ್ಪತ್ತೊಂಬತ್ತರ ಪದ್ಮಾವತಮ್ಮ, ಮಗಳು ಸುಮತಿಯ ಕೈ ಹಿಡಿದು ಬಂದರು. ಮೂಲ ಅರಸೀಕೆರೆ; ಮದುವೆಯಾಗಿ ಮದ್ರಾಸಿಗೆ ಬಂದು ಅರವತ್ತು ವರ್ಷ, ಮನೆಯ ಕನ್ನಡಕ್ಕೆ ತಮಿಳು ಬೆರೆತಿತ್ತು. ಪತಿ ನಾಗರಾಜಯ್ಯ ರೈಲ್ವೆ ಗುಮಾಸ್ತರು. ಹರೆಯದಲ್ಲಿ ಮೂವರು ಆಂಗ್ಲೋ-ಇಂಡಿಯನ್ ಸಹೋದ್ಯೋಗಿಗಳ ಜೊತೆ ಸೇರಿ ಡೂ-ವಾಪ್ ಹಾಡುತ್ತಿದ್ದರಂತೆ. ಅದು ಅಮೆರಿಕದ ಕಪ್ಪು ಹುಡುಗರು ಬೀದಿಮೂಲೆಯಲ್ಲಿ ನಿಂತು, ಕಂಠಗಳನ್ನೇ ವಾದ್ಯ ಮಾಡಿಕೊಂಡು ಬೆಳೆಸಿದ ಹಾಡುಗಾರಿಕೆ. ಆ ನಾಲ್ವರು ಒಮ್ಮೆ ಒಂದು ಸ್ಟುಡಿಯೊದಲ್ಲಿ ಒಂದೇ ಒಂದು ಪ್ರತಿಯ ರೆಕಾರ್ಡು ಮಾಡಿಸಿದ್ದರು.

ಮುಂದೆ ಗಂಟಲಿನ ಕ್ಯಾನ್ಸರಿಗೆ ನಾಗರಾಜಯ್ಯನವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಕೊನೆಯ ಒಂಬತ್ತು ವರ್ಷ ಸ್ಲೇಟಿನ ಮೇಲೆ ಬರೆದೇ ಮಾತಾಡಿ ಹೋದರು. ಅವರ ದನಿ ಇದ್ದದ್ದು ಇವರು ತಂದಿದ್ದ ಆ ರೆಕಾರ್ಡಿನ ತಟ್ಟೆಯಲ್ಲಿ ಮಾತ್ರ.

“ಅವ್ರ ವಾಯ್ಸೇ ಮರೆತೋಗ್ತಾ ಇದೆ ಪಾ,” ಎಂದರು ಪದ್ಮಾವತಮ್ಮ. “ಒಂದು ತಡವೆ, ಒಂದೇ ಸಲ ಕೇಳ್ಸಿಬಿಡಿ, ಸಾಕು.”

ಅದು ಲ್ಯಾಕರ್ ಡಿಸ್ಕ್. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದು, ಅದರ ಮೇಲೆ ನೇರವಾಗಿ ಧ್ವನಿಯ ಗೆರೆ ಕೊರೆಯುತ್ತಾರೆ. ವರ್ಷಗಳು ಕಳೆದಂತೆ ಲೇಪ ಕುಗ್ಗಿ, ಹಳೆಯ ಗೋಡೆಯ ಸುಣ್ಣದ ಹಾಗೆ ಏಳುತ್ತದೆ. ಈ ತಟ್ಟೆಯ ಅಂಚು ಆಗಲೇ ಎದ್ದಿತ್ತು. ಒಂದೇ ಸಲ ನುಡಿಸಬಹುದು, ಎರಡನೆಯ ಸಲ ಸಿಗಲಾರದು ಎಂದು ಇಬ್ಬರಿಗೂ ವಿವರಿಸಿದೆ. ಪದ್ಮಾವತಮ್ಮ ತಲೆಯಾಡಿಸಿದರು. ನಾಲ್ವರಲ್ಲಿ ಅವರ ಯಜಮಾನರ ದನಿ ಯಾವುದು ಎಂದು ನಾನು ಕೇಳಲಿಲ್ಲ.

ಮರುದಿನ ಒಬ್ಬನೇ ಕೂತು ಮುಳ್ಳು ಇಳಿಸಿದೆ. ಸೊರಸೊರ ಸದ್ದಿನ ಅಡಿಯಲ್ಲಿ ‘ಗುಂ... ಗುಂ... ಗುಂ...’ ಎಂದಿತು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ತಟ್ಟೆ ಸೊಟ್ಟಗಿದ್ದರೆ ಸುತ್ತಿಗೊಂದು ಸಲ ಹೀಗೇ ಗುದ್ದುತ್ತದೆ. ಹರಿಕಥೆ ತಟ್ಟೆಗಳಲ್ಲಿ ಸಾವಿರ ಸಲ ಕೇಳಿದ್ದೆ. ನಾಲ್ಕನೆಯ ಗುದ್ದು ಮುಗಿದ ಕೂಡಲೇ ಲೋ-ಕಟ್ ಸ್ವಿಚ್ ಒತ್ತಿದೆ. ಕೆಳಸ್ತರದ ಸದ್ದನ್ನು ಕಂಪ್ಯೂಟರಿನೊಳಗೆ ಬರುವ ಮೊದಲೇ ಕತ್ತರಿಸುವ ಫಿಲ್ಟರ್ ಅದು. ಮೊದಲು ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಳ್ಳಬೇಕು, ಆಮೇಲೆ ಶುಚಿ ಮಾಡಬೇಕು ಎಂದು ಹತ್ತಾರು ಜನರಿಗೆ ಪಾಠ ಹೇಳಿದ್ದವನು ನಾನೇ. ಗುದ್ದು ನಿಂತಿತು, ಹಾಡು ತಿಳಿಯಾಯಿತು. ಮುಳ್ಳಿನ ಹಿಂದೆಯೇ ಲೇಪ ಚೂರುಚೂರಾಗಿ ಉದುರುತ್ತಿತ್ತು.

ವಾರದ ಮೇಲೆ ಅಮ್ಮ, ಮಗಳು ಬಂದರು. ನಾನು ಹೆಮ್ಮೆಯಿಂದಲೇ ಕೇಳಿಸಿದೆ. ಪದ್ಮಾವತಮ್ಮ ಕಣ್ಣುಮುಚ್ಚಿ ಕೊನೆಯವರೆಗೂ ಕಾದರು.

“ಅವ್ರ ಫ್ರೆಂಡ್ಸ್ ಮೂರು ಜನಾನೂ ಇದಾರೆ,” ಎಂದರು. “ನಮ್ಮನೇವ್ರು ಎಲ್ಲಿ?”

ಅವರದು ಯಾವ ದನಿ ಎಂದು ಆಗ ಕೇಳಿದೆ. ಅವರ ಯಜಮಾನರು ಬೇಸ್, ಅಂದರೆ ಎಲ್ಲರಿಗಿಂತ ಕೆಳಗಿನ ಶ್ರುತಿಯ ಗಾಯಕ. ಹಾಡಿನ ನಡೆ ತಟ್ಟೆಯ ಸುತ್ತಿನ ವೇಗಕ್ಕೆ ಹತ್ತಿರವಿದ್ದುದರಿಂದ, ಅವರ ದನಿಯನ್ನೇ ಗುದ್ದೆಂದು ತಿಳಿದು ಕತ್ತರಿಸಿದ್ದೆ. ಆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಮಗಳ ಕೈ ಹಿಡಿದು ಎದ್ದರು.

ಆ ವಾರವೆಲ್ಲ ಹಳೆಯ ಡೂ-ವಾಪ್, ಅದೇ ಬಳಗದ ಸೋಲ್, ರಿದಮ್ ಅಂಡ್ ಬ್ಲೂಸ್ ಹಾಡುಗಳ ಧ್ವನಿಮುದ್ರಿಕೆಗಳನ್ನು ಕೇಳುತ್ತಾ ಕೂತೆ. ಎಷ್ಟೋ ಡೂ-ವಾಪ್ ಹಾಡುಗಳಲ್ಲಿ ಬೇಸ್ ಗಾಯಕನೇ ಒಂಟಿಯಾಗಿ ಮೊದಲು ಬರುತ್ತಾನೆ. ಅವನು ನೆಲ ಹಾಸಿದ ಮೇಲೆಯೇ ಉಳಿದವರು ಕಾಲಿಡುತ್ತಾರೆ. ಮೇಲಿನ ದನಿ ಪ್ರೀತಿಗಾಗಿ ಅಂಗಲಾಚುವಾಗ ಕೆಳಗಿನವನು ಅಲುಗದೆ ನಿಂತಿರುತ್ತಾನೆ. ಎಂಥ ಸೊಗಸಾದ ಸಂಗೀತ! ಅದನ್ನು ಸವಿಯುವುದು ಕಲಿತಷ್ಟೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಸುಮತಿ ಫೋನ್ ಮಾಡಿದರು. “ಎಐ ಇದೆಯಲ್ಲ ಸಾರ್, ಒಂದು ವಾಯ್ಸ್ ಸೇರ್ಸಿಬಿಡಿ. ಅಮ್ಮಂಗೆ ತೆರಿಯಲ್ಲ, ಗೊತ್ತಾಗಲ್ಲ.”

ಮಾಡಬಹುದಿತ್ತು. ಒಂದು ದಿನ ಆ ಆಸೆಯಲ್ಲೇ ಕಳೆದೆ ಕೂಡ. ಆದರೆ ಗಂಡನ ದನಿ ಮರೆಯುತ್ತಿರುವ ಹೆಂಗಸಿಗೆ ಯಂತ್ರದ ದನಿ ಕೊಟ್ಟರೆ, ಉಳಿದಿರುವ ನೆನಪನ್ನೂ ನಾನೇ ಅಳಿಸಿದಂತೆ. ಆಗುವುದಿಲ್ಲ ಎಂದೆ. ಸ್ವಿಚ್ ಒತ್ತುವ ಮೊದಲಿನ ನಾಲ್ಕು ‘ಗುಂ’ಗಳು ಹಾಗೇ ಉಳಿದಿದ್ದವು, ಒಟ್ಟು ಮೂರು ಸೆಕೆಂಡು. ಅದಕ್ಕೆ ಏನೂ ಮಾಡದೆ ಪೆರಂಬೂರಿಗೆ ಒಯ್ದೆ.

ಪದ್ಮಾವತಮ್ಮ ಸ್ಪೀಕರ್ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು. ಇನ್ನೊಂದು ಸಲ ಹಾಕಿಸಿದರು. ಆಮೇಲೆ ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. “ಇವ್ರೇ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕ್ಷಮಿಸಿ ಎಂದೆ. ಅವರು ಕ್ಷಮಿಸಿದೆ ಎನ್ನಲಿಲ್ಲ.

“ಯಾವ ವಾಯ್ಸ್ ಇವ್ರದು ಅಂತ ಮೊದ್ಲೇ ಒಂದು ಮಾತು ಕೇಳ್ಬೋದಿತ್ತಲ್ಲ ಪಾ.”

ಆ ಫಿಲ್ಟರನ್ನು ಕಿತ್ತುಹಾಕಿದ್ದೇನೆ. ಈಗ ಯಾರು ಏನೇ ತಂದರೂ ಮೊದಲು ಅವರನ್ನು ಕೂರಿಸಿ, ಇದರಲ್ಲಿ ನಿಮ್ಮವರು ಯಾರು, ಅವರ ದನಿ ಹೇಗಿತ್ತು ಎಂದು ಕೇಳುತ್ತೇನೆ. ಉತ್ತರ ಬರುವವರೆಗೂ ತಟ್ಟೆಯನ್ನು ಕವರಿನಿಂದ ತೆಗೆಯುವುದಿಲ್ಲ.