ಒಪ್ಪದವರ ಜೊತೆ ಕಂಟ್ರಿ ಹಾಡು

ಹಾಡು ಕೇಳುವುದಕ್ಕೆ ಸರಿಯಾದ ಜಾಗ ಯಾವುದೆಂದು ನನ್ನನ್ನು ಕೇಳಿದರೆ, ಕೆನಡಾದ ಮಿಸಿಸಾಗದಿಂದ ಪಿಕರಿಂಗ್‌ಗೆ ಬೆಳಗಿನ ಹೊತ್ತು ಹೋಗುವ ಕಾರಿನ ಹಿಂದಿನ ಸೀಟು ಎನ್ನುತ್ತೇನೆ. ಸಭಾಂಗಣದಲ್ಲಿ ಪಕ್ಕದವರು ಕೆಮ್ಮುತ್ತಾರೆ. ಮನೆಯಲ್ಲಿ ಫೋನು ಬರುತ್ತದೆ. ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಕಾರಿನಿಂದ ಮಾತ್ರ ಯಾರೂ ನಡುವೆ ಎದ್ದು ಹೋಗುವಂತಿಲ್ಲ. ಹಾಡುವವರಿಗೆ ಇದಕ್ಕಿಂತ ನಿಷ್ಠೆಯ ಶ್ರೋತೃಗಳು ಎಲ್ಲಿ ಸಿಗಬೇಕು?

ನಾನು ಮೈಸೂರಿನ ಒಂದು ವಿದ್ಯಾರ್ಥಿನಿಲಯದಲ್ಲಿ ಗಂಟೆಯ ಸದ್ದಿಗೆ ಬೆಳೆದವನು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ನಿದ್ದೆ ಬರಲೇಬೇಕು. ಆ ಗಂಟೆ ನನ್ನ ತಲೆಯೊಳಗೆ ಇಂದಿಗೂ ಹೊಡೆಯುತ್ತಿರುತ್ತದೆ. ಪಿಕರಿಂಗ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರದ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಹೆಂಡತಿ ಶಾರದೆಗೆ ಮಿಸಿಸಾಗದಲ್ಲಿ ಕೆಲಸ. ನಡುವೆ ಇಡೀ ಟೊರಾಂಟೊ. ಹಾಗಾಗಿ ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದ ಬೆಂಗಳೂರಿನ ಶ್ರೀಧರನ ಕಾರಿನಲ್ಲಿ ಜಾಗ ಹಿಡಿದೆ. ದಾರಿಯಲ್ಲಿ ರೆಕ್ಸ್‌ಡೇಲ್‌ನಲ್ಲಿ ಬಸವರಾಜ್ ಹತ್ತುತ್ತಿದ್ದರು. ಹುಬ್ಬಳ್ಳಿಯವರು, ನಮ್ಮಲ್ಲೇ ಲೇತ್ ಯಂತ್ರದ ಮೇಲೆ ಕೆಲಸ. ನಾವು ಮೂವರೂ ಸೇರಿ ತೊಂಬತ್ತರ ದಶಕದ ಬಹುಭಾಗವನ್ನು ಆ ಹೆದ್ದಾರಿಯಲ್ಲೇ ಕಳೆದೆವು ಎಂದರೆ ಅತಿಶಯವಲ್ಲ.

ಕಂಟ್ರಿ ಸಂಗೀತದ ಹುಚ್ಚು ಹಿಡಿಸಿದವನು ಶ್ರೀಧರ. ಕಂಟ್ರಿ ಎಂದರೆ ದೊಡ್ಡ ಟೊಪ್ಪಿ, ದೊಡ್ಡ ಬೂಟು ಎಂದಷ್ಟೇ ತಿಳಿದಿದ್ದವನು ನಾನು. ಅವನು ಕೇಳುತ್ತಿದ್ದದ್ದು ಬೇರೆ ಬಗೆಯದು. ಸಂಗೀತ ಕಂಪನಿಯ ಬೆಂಬಲವಿಲ್ಲದ, ತಾವೇ ಹಾಡು ಕಟ್ಟಿ, ತಾವೇ ಧ್ವನಿಮುದ್ರಿಸಿ, ಕವರಿಗೆ ತಾವೇ ಅಂಟು ಹಚ್ಚಿ ಅಂಚೆಗೆ ಹಾಕುವ ಗಾಯಕರ ಆಲ್ಬಮ್ಮುಗಳು. ಇಂಥವರ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಒಂದು ಈಮೇಲ್ ಬಳಗ ಮಾಡಿಕೊಂಡಿದ್ದರು. ಹೊಸ ಆಲ್ಬಮ್ ಬಂದ ಕೂಡಲೇ ಅಲ್ಲಿ ವಾದ ಶುರುವಾಗುತ್ತಿತ್ತು. ಶ್ರೀಧರ ಅದನ್ನು ಪ್ರಿಂಟ್ ಮಾಡಿ ತರುತ್ತಿದ್ದ, ಹಿಂದಿನ ಸೀಟಿನಲ್ಲಿ ಕನ್ನಡಕ ಏರಿಸಿ ನಾನು ಗಟ್ಟಿಯಾಗಿ ಓದುತ್ತಿದ್ದೆ.

ಎಲ್ಲ ವಾದಗಳ ಮೊದಲ ಪ್ರಶ್ನೆ ಒಂದೇ: ಇದು ಕಂಟ್ರಿಯೋ, ಅಮೆರಿಕಾನಾವೋ? ನನಗೆ ತಿಳಿದಮಟ್ಟಿಗೆ, ಕಂಟ್ರಿಯ ಮನೆಯಲ್ಲಿ ಹುಟ್ಟಿ, ಜಾನಪದದ ಮನೆಯಲ್ಲಿ ಉಂಡು, ರಾಕ್ ಸಂಗೀತದ ಜಗಲಿಯಲ್ಲಿ ಮಲಗುವ ಹುಡುಗನೇ ಅಮೆರಿಕಾನಾ. ಯಾರ ಮಗನೆಂದು ನಿರ್ಧರಿಸಲು ಅಷ್ಟೊಂದು ವಿದ್ವಾಂಸರು ಬಡಿದಾಡುವುದನ್ನು ಕಂಡು ನನಗೆ ನಮ್ಮೂರೇ ನೆನಪಾಯಿತು. ಒಂದು ಹಾಡು ಭಾವಗೀತೆಯೋ ಲಘು ಸಂಗೀತವೋ ಎಂದು ಸಂಜೆಯಿಡೀ ವಾದಿಸಿ, ಹಾಡನ್ನೇ ಹಾಡದೆ ಎದ್ದು ಬಂದ ಸಭೆಗಳನ್ನು ನಾನು ಕಂಡಿದ್ದೇನೆ.

ಕೇಳುತ್ತ ಹೋದಂತೆ ಗುರುತು ಹತ್ತತೊಡಗಿತು. ಸ್ಟೀಲ್ ಗಿಟಾರು ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವುದಿಲ್ಲ, ಜಾರುತ್ತದೆ. ನಮ್ಮ ವೀಣೆಯ ಜಾರು ಗಮಕಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಇದ್ದೇ ಇದೆ. ಬಸವರಾಜರಿಗೋ ಪ್ರತಿಯೊಂದು ಹಾಡೂ ತತ್ವಪದವಾಗಿ ಕೇಳುತ್ತಿತ್ತು. "ಏಕತಾರಿ ಇಲ್ಲ ಅನ್ನೂದೊಂದ ಬಿಟ್ಟರ ಇವ ನಮ್ಮಾವನ ರೀ ಸರ" ಎನ್ನುತ್ತಿದ್ದರು. ಹೆಂಡತಿ ಬಿಟ್ಟುಹೋದಳು, ನಾಯಿ ಸತ್ತಿತು, ಟ್ರಕ್ಕು ಕೆಟ್ಟಿತು ಎಂದು ಹಾಡುವವನಲ್ಲಿ ಅವರಿಗೆ ವೈರಾಗ್ಯ ಕಾಣುತ್ತಿತ್ತು. ನನಗೆ ಟ್ರಕ್ಕಿಗೆ ಹೊತ್ತುಹೊತ್ತಿಗೆ ಎಣ್ಣೆ ಬದಲಿಸದ ಮನುಷ್ಯ ಕಾಣುತ್ತಿದ್ದ.

ಶಿಸ್ತಿಲ್ಲದ ಆಲಿಸುವಿಕೆ ನನ್ನಿಂದ ಆಗದು. ಆದ್ದರಿಂದ ಆ ಕಾರಿಗೆ ನಿಯಮ ಮಾಡಿದೆ. ಆಲ್ಬಮ್ಮನ್ನು ಮೊದಲ ಹಾಡಿನಿಂದ ಅನುಕ್ರಮವಾಗಿ ಕೇಳಬೇಕು. ಹಾಡು ನಡೆಯುವಾಗ ಮಾತಿಲ್ಲ. ಹಾಡು ಮುಗಿದ ಮೇಲೆ ಮುಂದಿನದನ್ನು ತಡೆಯಲು ಶ್ರೀಧರ ಪಾಸ್ ಗುಂಡಿ ಒತ್ತಬೇಕು, ಆಮೇಲೆ ಜಗಳ. ಬಸವರಾಜರು ಹಾಡಿನ ನಡುವೆ "ಭಲೇ!" ಎಂದು ತೊಡೆ ತಟ್ಟುತ್ತಿದ್ದುದರಿಂದ ತಿದ್ದುಪಡಿಯೊಂದನ್ನು ತರಬೇಕಾಯಿತು: ಮೆಚ್ಚುಗೆಗೆ ಅವಕಾಶವಿದೆ, ಅಭಿಪ್ರಾಯಕ್ಕಿಲ್ಲ.

ನಮ್ಮ ದೊಡ್ಡ ಯುದ್ಧ ನಡೆದದ್ದು ಒಂದು ಫ್ರಿಜ್ಜಿನ ಬಗ್ಗೆ. ಉತ್ತರ ಒಂಟಾರಿಯೋದ ಒಬ್ಬ ಹೆಂಗಸು ತನ್ನ ಅಡುಗೆಮನೆಯಲ್ಲೇ ಕುಳಿತು ಆಲ್ಬಮ್ ಮಾಡಿದ್ದಳು. ಕಂಠ ಚೆನ್ನ, ಮಾತು ಚೆನ್ನ. ಆದರೆ ಪ್ರತಿ ಹಾಡಿನ ಹಿಂದೆಯೂ ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

"ಒಂದರ್ಧ ಗಂಟೆ ಅದನ್ನು ಆರಿಸಿದ್ದರೆ ಹಾಲೇನು ಒಡೆದುಹೋಗುತ್ತಿತ್ತೇ?" ಎಂದೆ.

"ಯಾಕ್ರೀ ಸರ, ಅಡಗಿಮನ್ಯಾಗ ಕುಂತು ಹಾಡಿದ್ರ ಅಡಗಿಮನಿ ಕೇಳಸಬಾರದೇನು?" ಎಂದರು ಬಸವರಾಜ್. "ನಮ್ಮ ಓಣ್ಯಾಗ ಭಜನಿ ನಡದಾಗ ಹಿಂದ ಎಮ್ಮಿ ಒದರತಿತ್ತು. ಯಾರರ ಎಮ್ಮಿ ಆಫ್ ಮಾಡ್ರಿ ಅಂದಾರೇನು?"

"ಎಮ್ಮೆಗೆ ಸ್ವಿಚ್ ಇಲ್ಲ ಬಸವರಾಜ್. ಫ್ರಿಜ್ಜಿಗೆ ಇದೆ."

"ಸಾರ್, ಅದೇ ಪಾಯಿಂಟು" ಎಂದ ಶ್ರೀಧರ. "ಕಂಪನಿಯವರಾಗಿದ್ರೆ ಆ ಸೌಂಡ್ ಕ್ಲೀನ್ ಮಾಡ್ಬಿಡ್ತಿದ್ರು. ಇದು ಇಂಡಿಪೆಂಡೆಂಟು. ಅವಳ ಮನೆ, ಅವಳ ಫ್ರಿಜ್ಜು, ಅವಳಿಷ್ಟ."

ಆ ವಾದ ಚಳಿಗಾಲವಿಡೀ ನಡೆಯಿತು. ಹಿಮ ಬಿದ್ದು ರಸ್ತೆ ನಿಂತ ದಿನಗಳಲ್ಲಿ ಇನ್ನಷ್ಟು ಹುರುಪಿನಿಂದ ನಡೆಯಿತು. ನಾನು ಸೋಲಲಿಲ್ಲ, ಅವರೂ ಸೋಲಲಿಲ್ಲ. ಕಾರಿನಿಂದ ಇಳಿಯುವಾಗ ಮೂವರ ಮುಖವೂ ಕೆಂಪಗೆ, ಮನಸ್ಸು ಹಗುರವಾಗಿರುತ್ತಿತ್ತು.

ಶತಮಾನ ತಿರುಗಿದ ಮೇಲೆ ಒಂದೆರಡು ವರ್ಷಕ್ಕೆ ನಾನು ನಿವೃತ್ತನಾದೆ. ಕಾರಿನಲ್ಲಿ ನನ್ನ ಜಾಗ ಉಷಾ ಎಂಬ ಹೊಸ ಇಂಜಿನಿಯರಿಗೆ ಹೋಯಿತು. ಮೈಸೂರಿನ ಹುಡುಗಿ, ಕಾರು ಹತ್ತಿದ ಕೂಡಲೇ ನಿದ್ದೆ ಹೋಗುತ್ತಾಳೆಂದು ಶ್ರೀಧರ ಹೇಳಿದ್ದ. ನಾನು ಎಂದಿನಂತೆ ಕತ್ತಲಲ್ಲೇ ಎದ್ದು, ಸ್ನಾನ ಮಾಡಿ, ಶರಟು ಹಾಕಿಕೊಂಡು ಸಿದ್ಧನಾಗುತ್ತಿದ್ದೆ. ಯಾತಕ್ಕೆ ಸಿದ್ಧನಾದೆ ಎಂಬುದು ಕಾಫಿ ಕುಡಿದ ಮೇಲೆ ಹೊಳೆಯುತ್ತಿತ್ತು.

ನಿವೃತ್ತಿಯಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಎಲ್ಲರೂ ನನ್ನ ಮಾತನ್ನು ಒಪ್ಪತೊಡಗಿದರು. ಕನ್ನಡದವರು ಸೇರಿದ ಊಟದಲ್ಲಿ ನಾನು ಏನೇ ಹೇಳಲಿ, "ನೀವು ಹೇಳಿದ್ಮೇಲೆ ಮುಗೀತು ಸಾರ್" ಎಂದು ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸುತ್ತಿದ್ದರು. ಮಾತು ಅಲ್ಲಿಗೆ ನಿಜವಾಗಿಯೂ ಮುಗಿಯುತ್ತಿತ್ತು. ಒಳ್ಳೆಯ ಕುರ್ಚಿ, ಮೊದಲ ಲೋಟ ಪಾನಕ, ನಗುಮುಖದ ಒಪ್ಪಿಗೆ. ಮನುಷ್ಯನನ್ನು ಗೋಡೆಯ ಮೇಲಿನ ಫೋಟೋ ಮಾಡುವುದು ಹೀಗೆಯೇ ಇರಬೇಕು ಅನ್ನಿಸಿತು.

ಆ ಹೊತ್ತಿಗೆ ಅಡುಗೆಮನೆಯ ಗಾಯಕಿಯ ಹೊಸ ಆಲ್ಬಮ್ ಬಂತು. ಶ್ರೀಧರ ಅಂಚೆಯಲ್ಲಿ ಒಂದು ಪ್ರತಿ ಕಳಿಸಿಕೊಟ್ಟ. ಸೋಫಾದಲ್ಲಿ ನೆಟ್ಟಗೆ ಕುಳಿತು ಹಾಕಿದೆ. ಮೊದಲ ಹಾಡು ಮುಗಿದ ಕೂಡಲೇ ಪಾಸ್ ಒತ್ತಿದೆ. ನನಗಿಂತ ಮೊದಲೇ ನಿವೃತ್ತಳಾಗಿದ್ದ ಶಾರದೆ ಹುರುಳಿಕಾಯಿ ಬಿಡಿಸುತ್ತಿದ್ದಳು.

"ಹೇಗಿತ್ತು?" ಎಂದೆ.

"ಪಾಪ, ಆ ಹುಡುಗಿಗೆ ನೆಗಡಿಯಾಗಿದೆ" ಎಂದಳು.

ಮುಂದಿನ ಹಾಡು ಕೇಳಲಾಗಲಿಲ್ಲ. ಫೋನಿಗೆ ಹೋಗಿ ಶ್ರೀಧರನಿಗೆ ಹೇಳಿದೆ: ಒಂದು ದಿನ ನಿಮ್ಮ ಜೊತೆ ಪಿಕರಿಂಗ್‌ಗೆ ಬರುತ್ತೇನೆ, ಅಲ್ಲಿ ಸರೋವರದ ದಡದಲ್ಲಿ ನಡೆದಾಡಿ ರೈಲಿನಲ್ಲಿ ವಾಪಸಾಗುತ್ತೇನೆ.

"ಸಾರ್, ಮಿಸಿಸಾಗದಲ್ಲೂ ಅದೇ ಲೇಕು ಇದೆಯಲ್ಲ?"

"ಆ ಕಡೆಯ ಗಾಳಿ ಬೇರೆ."

"ಹೌದು ಸಾರ್, ಬೇರೆ" ಎಂದುಬಿಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹಿಂದಿನ ಸೀಟಿನಲ್ಲಿ ಬಸವರಾಜರ ಪಕ್ಕ ಕುಳಿತೆ. ಮುಂದೆ ಉಷಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಶ್ರೀಧರ ಆಲ್ಬಮ್ ಹಾಕಿದ. ಗಾಯಕಿ ಈ ಸಲ ಅಡುಗೆಮನೆ ಬಿಟ್ಟು ಸ್ಟುಡಿಯೋಗೆ ಬಂದಿದ್ದಳು. ಡ್ರಮ್ಮು, ಪಿಟೀಲು, ಎಲ್ಲ ಇತ್ತು. ಮೊದಲ ಹಾಡು ಮುಗಿಯಿತು. ಗಂಟಲು ಸರಿಮಾಡಿಕೊಂಡು "ಡ್ರಮ್ಮು ಜಾಸ್ತಿಯಾಯಿತು" ಎಂದೆ.

"ಕರೆಕ್ಟ್ ಸಾರ್" ಎಂದ ಶ್ರೀಧರ.

"ಖರೇ ಅದ ರೀ ಸರ" ಎಂದರು ಬಸವರಾಜ್.

ಜಗಳಕ್ಕೆ ಕಾದೆ. ಶ್ರೀಧರ ಮುಂದಿನ ಹಾಡು ಹಾಕಿಬಿಟ್ಟ. ಎರಡನೆಯ ಹಾಡು ಮುಗಿದಾಗ ಬೇಕೆಂದೇ ಹೇಳಿದೆ: "ಡ್ರಮ್ಮು ಹದವಾಗಿದೆ. ಇದಿಲ್ಲದಿದ್ದರೆ ಹಾಡು ನಿಲ್ಲುತ್ತಿರಲಿಲ್ಲ."

"ಹೌದು ಸಾರ್, ನಿಲ್ತಿರ್ಲಿಲ್ಲ."

"ಎಲ್ಲಿ ನಿಲ್ಲತದ್ರೀ."

ಈ ಇಬ್ಬರ ಮನಸ್ಸಿನಲ್ಲೂ ನನ್ನ ಫೋಟೋಗೆ ಮೊಳೆ ಹೊಡೆದಾಗಿತ್ತು. ಮೂರನೆಯ ಹಾಡಿಗೆ ಕೊನೆಯ ಪ್ರಯತ್ನ ಮಾಡಿದೆ: "ಆ ಪಿಟೀಲು ತೆಗೆದು ಅಲ್ಲೊಂದು ಹಾರ್ಮೋನಿಯಂ ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!"

ಬಸವರಾಜರು ಟೊಪ್ಪಿಗೆ ಸರಿಮಾಡಿಕೊಂಡರು. "ಭಾಳ ಛಲೋ ಆಗತಿತ್ತು ನೋಡ್ರಿ" ಎಂದರು.

ಒಂದು ಫ್ರಿಜ್ಜಿಗಾಗಿ ಚಳಿಗಾಲವಿಡೀ ಕಾದಾಡಿದ ಮನುಷ್ಯ! ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇನ್ನು ಬರಬಾರದು ಎಂದುಕೊಂಡೆ.

"ಹಾರ್ಮೋನಿಯಮ್ಮಾ?" ಎಂದಿತು ಮುಂದಿನ ಸೀಟು. ಉಷಾ ತಿರುಗಿ ನೋಡುತ್ತಿದ್ದಳು. "ಅಂಕಲ್, ಪ್ಲೀಸ್! ಫಸ್ಟ್ ಹಾಡಲ್ಲಿ ಡ್ರಮ್ ಜಾಸ್ತಿ ಅಂದ್ರಿ. ಸೆಕೆಂಡಲ್ಲಿ ಅದೇ ಡ್ರಮ್ ಹದವಾಗಿದೆ ಅಂದ್ರಿ. ಇವರಿಬ್ರೂ ಎರಡಕ್ಕೂ ಹೂಂ ಅಂದ್ರು. ನಿಮಗ್ಯಾರಿಗಾದ್ರೂ ನಿಜವಾಗ್ಲೂ ಹಾಡು ಕೇಳಿಸ್ತಿದೆಯಾ?"

ಶ್ರೀಧರನ ಕಿವಿ ಕೆಂಪಾಯಿತು. ಬಸವರಾಜರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಸಿಟ್ಟಾಗಬ್ಯಾಡ್ರಿ ಸರ. ರಿಟೈರ್ ಆದವರ ಜೋಡಿ ಏನ್ ಜಗಳಾ ಮಾಡೂದು, ಮನಸಿಗಿ ಹತ್ತೀತು ಅಂತ ಸುಮ್ಮನಿದ್ದೆ."

"ನಾನು ರಿಟೈರ್ ಆಗಿರೋದು ಕೆಲಸದಿಂದ ಬಸವರಾಜ್, ಕಿವಿಯಿಂದ ಅಲ್ಲ."

"ಹಂಗಂದ್ರ ಕೇಳ್ರಿ. ಆ ಹಾರ್ಮೋನಿಯಂ ಮಾತು ಶುದ್ಧ ಹುಚ್ಚುತನ!"

"ಡ್ರಮ್ ಇರೋದೇ ತಪ್ಪು ಸಾರ್" ಎಂದು ಶ್ರೀಧರ ಸ್ಟೀರಿಂಗ್ ಮೇಲೆ ಗುದ್ದಿದ. "ಅವಳು ಕಂಪನಿಗೆ ಮಾರಿಕೊಂಡಿದ್ದಾಳೆ!"

"ಒಂದು ಡ್ರಮ್ ಇಟ್ಕೊಂಡ್ರೆ ಮಾರಿಕೊಂಡ ಹಾಗಾ? ಹೆಂಗಸರು ಜನ್ಮವಿಡೀ ಅಡುಗೆಮನೇಲೇ ಹಾಡ್ಬೇಕಾ?" ಎಂದು ಉಷಾ ಅವನ ಮೇಲೇ ಬಿದ್ದಳು. ಪಾಸ್ ಗುಂಡಿ ಒತ್ತುವುದನ್ನು ಎಲ್ಲರೂ ಮರೆತರು. ಹಾಡು ನಡೆಯುತ್ತಿರುವಾಗಲೇ ನಾಲ್ವರೂ ಕೂಗಾಡುತ್ತಿದ್ದೆವು. ನಿಯಮ ಮಾಡಿದವನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ.

ಕಾರ್ಖಾನೆ ಬಂತು. ಇಳಿಯುವಾಗ ಉಷಾ ಹೇಳಿದಳು: "ನನಗೇನೂ ದಿನಾ ನಿದ್ದೆ ಬರಲ್ಲ ಅಂಕಲ್. ನೀವು ಹೋದ್ಮೇಲೆ ಇವರಿಬ್ರೂ ಬರೀ ಟ್ರಾಫಿಕ್ ರೇಡಿಯೋ ಹಾಕ್ತಿದ್ರು. ಕಣ್ಣು ಮುಚ್ಚದೆ ಏನ್ಮಾಡ್ಲಿ? ನಾಳೆ ಬನ್ನಿ. ಕೊನೆ ಹಾಡಿನ ಬಗ್ಗೆ ನೀವಂದಿದ್ದು ಪೂರ್ತಿ ತಪ್ಪು, ಈಗ ಹೇಳೋಕೆ ಟೈಮಿಲ್ಲ."

ಸರೋವರದ ದಡದಲ್ಲಿ ನಡೆದೆ. ಗಾಳಿ ಮಿಸಿಸಾಗದ ಗಾಳಿಯಂತೆಯೇ ಇತ್ತು. ಮನಸ್ಸಿನಲ್ಲೇ ಮೂವರಿಗೂ ಉತ್ತರ ಕೊಡುತ್ತ, ಕೈ ಬೀಸುತ್ತ ಹೋಗುವ ಮುದುಕನನ್ನು ಕಂಡು ಬಾತುಗಳು ದಾರಿ ಬಿಟ್ಟವು.

ಮನೆಗೆ ಬಂದಾಗ ಶಾರದೆ ನನ್ನ ಮುಖ ನೋಡಿ "ಏನು, ಎಲ್ಲರೂ ತುಂಬ ಹೊಗಳಿದರಾ?" ಎಂದಳು.

"ಮೂವರೂ ನನ್ನದು ತಪ್ಪು ಅಂದರು" ಎಂದೆ. "ನಾಳೆಯೂ ಹೋಗಬೇಕು. ಬುತ್ತಿಗೆ ಚಪಾತಿ ಮಾಡಿಬಿಡು, ವಾದ ಮಾಡಲು ಶಕ್ತಿ ಬೇಕು."

"ಚಪಾತಿಯೂ ಇಲ್ಲ, ಗಿಪಾತಿಯೂ ಇಲ್ಲ. ಅವಲಕ್ಕಿ ಕಟ್ಟಿಕೊಡ್ತೀನಿ" ಎಂದಳು. "ಮತ್ತೆ ಆ ಹಾರ್ಮೋನಿಯಂ ಮಾತು ಎತ್ತಬೇಡಿ. ಶ್ರೀಧರ ಫೋನ್ ಮಾಡಿ ಹೇಳಿದ. ನನಗೇ ನಾಚಿಕೆಯಾಯಿತು."

ಲೋಕವೆಲ್ಲ ನನ್ನನ್ನು ಒಪ್ಪಿಬಿಟ್ಟಿತೆಂದು ಇಷ್ಟು ತಿಂಗಳು ಕೊರಗಿದ್ದೆ. ಮದುವೆಯಾದ ದಿನದಿಂದ ನನ್ನ ಒಂದು ಮಾತನ್ನೂ ಒಪ್ಪದವಳು ಅಡುಗೆಮನೆಯಲ್ಲೇ ಇದ್ದಳು, ಅವಳನ್ನು ನಾನು ಎಣಿಸಿರಲೇ ಇಲ್ಲ. ಮರುದಿನ ಬುತ್ತಿ ತೆಗೆದುಕೊಳ್ಳುವಾಗ, ಸಂಜೆ ಆ ಆಲ್ಬಮ್ಮನ್ನು ನಾವಿಬ್ಬರೂ ಮೊದಲಿನಿಂದ ಕೇಳೋಣ ಎಂದೆ.

"ಮೊದಲಿನಿಂದ ಯಾಕೆ?" ಎಂದಳು. "ಕೊನೆಯಿಂದ ಹಾಕಿ."