ಸಿಲೋನಿನ ಅಡುಗೆಮನೆಗಳು

ಕಾಲೇಜಿನ ಹಾಡಿನ ತಂಡದ ಜೊತೆ ನಾನು ಸಿಲೋನಿಗೆ ಹೋಗಿ ಬಂದವಳು ಎಂದು ಗೊತ್ತಾದರೆ ಜನ ಕಣ್ಣರಳಿಸುತ್ತಾರೆ. ಆ ಕಾಲದಲ್ಲೇ? ಬಳ್ಳಾರಿಯಿಂದ? ಹೆಣ್ಣುಮಕ್ಕಳು ಸಮುದ್ರ ದಾಟಿ? ಏನೇನು ನೋಡಿದಿರಿ?

ನಾನು ನೋಡಿದ್ದು ಅಡುಗೆಮನೆಗಳನ್ನು. ಕೊಲಂಬೊದ್ದು ದೊಡ್ಡದು, ಹೊಗೆ ಹೋಗಲು ಕಿಟಕಿ ಇತ್ತು. ಕ್ಯಾಂಡಿಯದು ಇಕ್ಕಟ್ಟು, ಕಟ್ಟಿಗೆಯೆಲ್ಲ ಹಸಿ. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಿಸಲಿಕ್ಕೆಂದು ನಾನಿದನ್ನು ಹೇಳುತ್ತಿಲ್ಲ. ಇಷ್ಟು ವಯಸ್ಸಾದರೂ ಆ ಸಿಟ್ಟು ನನ್ನಲ್ಲಿ ಹಾಗೇ ಇದೆ.

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಅಪ್ಪ ಕುರುಗೋಡಿನಲ್ಲಿ ಶಾಲಾ ಮಾಸ್ತರು. ನನ್ನನ್ನು ಕಾಲೇಜು ಓದಲೆಂದು ಬ್ರೂಸ್‌ಪೇಟೆಯ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಕಾಲೇಜಿನಲ್ಲಿ ನಾವು ಹುಡುಗಿಯರು ಬೆರಳೆಣಿಕೆಯಷ್ಟೇ. ಪಾಠ ಮಾಡುವವರು ಒಳಗೆ ಹೋದ ಮೇಲೆ ಅವರ ಹಿಂದೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರಬೇಕು, ಗಂಟೆ ಹೊಡೆದ ಮೇಲೆ ಅವರ ಹಿಂದೆಯೇ ಹೊರಗೆ ಬರಬೇಕು.

ಹಾಡಿನ ತಂಡ ಕಟ್ಟಿದವರು ನಮ್ಮ ಕೆಮಿಸ್ಟ್ರಿ ಸರ್. ಕೆಟ್ಟವರೇನಲ್ಲ, ಹಾರ್ಮೋನಿಯಂ ಮುಂದೆ ಕೂತರೆ ಬೇರೆಯೇ ಮನುಷ್ಯ. ಒಂದು ದನಿ ಕೂದಲೆಳೆಯಷ್ಟು ಇಳಿದರೂ ಯಾರದೆಂದು ಹೆಸರು ಹಿಡಿದು ಹೇಳುತ್ತಿದ್ದರು. ತಂಡದಲ್ಲಿ ಹುಡುಗಿಯರು ನಾವಿಬ್ಬರೇ, ನಾನು ಮತ್ತು ಸಿರುಗುಪ್ಪದ ನನ್ನ ಗೆಳತಿ. ಅವಳದು ಒಕ್ಕಲುತನದ ಮನೆ, ಕರೂರಿನ ಕಡೆ ಭತ್ತದ ಗದ್ದೆ. ಅಪ್ಪ ತೀರಿಕೊಂಡಿದ್ದ, ಅವ್ವನೇ ಗದ್ದೆಗಿಳಿದು ಬೇಸಾಯ ಮಾಡಿಸುತ್ತಿದ್ದಳು.

ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಗೆಳತಿ ತನ್ನಷ್ಟಕ್ಕೆ ಒಂದು ನಾಟಿ ಹಾಡು ಗುನುಗುತ್ತಿದ್ದಳು. ಭತ್ತದ ಸಸಿ ನೆಡುವಾಗ ಅವಳ ಅವ್ವ ಗದ್ದೆಯಲ್ಲಿ ಎತ್ತುವ ಹಾಡು. ಅರ್ಧ ಕನ್ನಡ, ನಡುನಡುವೆ ತೆಲುಗು ಮಾತು. ಒಬ್ಬಳು ಕೂಗಿ ಕರೆದಂತೆ ಎತ್ತುತ್ತಾಳೆ, ಉಳಿದವರು ಬಾಗಿದಲ್ಲಿಂದಲೇ ಅದನ್ನು ಹಿಡಿದು ತಿರುಗಿ ಕೊಡುತ್ತಾರೆ. ಸರ್ ಹಾರ್ಮೋನಿಯಂ ಮುಚ್ಚುವುದನ್ನು ನಿಲ್ಲಿಸಿ, "ಇನ್ನೊಮ್ಮಿ ಹೇಳವ್ವಾ" ಎಂದರು. ಅಂದಿನಿಂದ ಅದು ತಂಡದ ಹಾಡಾಯಿತು. ಎತ್ತುವವಳು ಅವಳು, ಜೊತೆಗೂಡುವವಳು ನಾನು, ಆಮೇಲೆ ಹುಡುಗರು. "ಇದನ್ನ ಹೆಣ್ಣಮಕ್ಕಳ ಎತ್ತಬೇಕು, ಗಂಡಸರು ಎತ್ತಿದ್ರ ಕೆಡತೈತಿ" ಎಂದು ಸರ್ ಅವರೇ ಹುಡುಗರಿಗೆ ಹೇಳಿದ್ದರು. ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನಮ್ಮ ಕಡೆಯ ಕೆಲವು ಬಟ್ಟೆ ವ್ಯಾಪಾರಿಗಳು ಕೊಲಂಬೊದಲ್ಲಿದ್ದರು. ತಂಡವನ್ನು ಕರೆಸಿಕೊಂಡವರು ಅವರೇ. ಸರ್ ತಮ್ಮ ಹೆಂಡತಿಯನ್ನೂ ಕರೆದುಕೊಂಡು ಹೊರಟಿದ್ದರಿಂದ ಅಪ್ಪ ಒಪ್ಪಿದರು. ಸೋದರತ್ತೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ರೈಲಿನಲ್ಲಿ ಮದ್ರಾಸು, ಅಲ್ಲಿಂದ ಧನುಷ್ಕೋಟಿ, ಅಲ್ಲಿಂದ ಹಡಗು. ಹಡಗಿನ ಮೇಲೆ ನಿಂತು ನಾಟಿ ಹಾಡು ಹಾಡಿದೆವು. ಗುರುತಿಲ್ಲದ ಜನ ಸುತ್ತ ನೆರೆದು ಕೇಳಿದರು. ಗೆಳತಿ ಗಾಳಿಗೆ ಎದುರಾಗಿ ನಿಂತು ಹಾಡನ್ನು ಎತ್ತಿದ ರೀತಿ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಡೀ ಪ್ರವಾಸದಲ್ಲಿ ನನಗೆ ದಕ್ಕಿದ್ದು ಅದೊಂದೇ.

ಕೊಲಂಬೊದಲ್ಲಿ ವ್ಯಾಪಾರಿಗಳು ಒಂದು ಮನೆ ಕೊಟ್ಟು, ಅಡುಗೆಯವನನ್ನೂ ಇಟ್ಟಿದ್ದರು. ಮೊದಲ ಊಟಕ್ಕೇ ಹುಡುಗರು ಮೂಗು ಮುಚ್ಚಿಕೊಂಡರು. ಕೊಬ್ಬರಿ ಎಣ್ಣೆ ವಾಸನೆಯಂತೆ, ಪಾತ್ರೆಗೆ ಒಣಮೀನು ತಾಗಿದೆಯಂತೆ. ಸರ್ ನಮ್ಮ ಬಳಿ ಬಂದು, "ಇದೊಂದ್ ದಿನ ನೀವ ಏನರ ಮಾಡ್ರವ್ವಾ. ಹಸಗೊಂಡ್ ಹೆಂಗ್ ಹಾಡತಾವ ಹುಡುಗ್ರು?" ಎಂದರು. ನಾವು ಖುಷಿಯಿಂದಲೇ ಎದ್ದೆವು. ಅನ್ನ, ಸಾರು, ಬದನೆಕಾಯಿ ಪಲ್ಯ. ಹುಡುಗರು ಬಾಯಿ ಚಪ್ಪರಿಸಿ ಉಂಡರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಯವನು ಇರಲಿಲ್ಲ. ಸರ್ ಅವನನ್ನು ಬಿಡಿಸಿಬಿಟ್ಟಿದ್ದರು.

ಅಲ್ಲಿಂದ ಮುಂದೆ ಯಾರೂ ನಮ್ಮನ್ನು ಕೇಳಲೂ ಇಲ್ಲ. ಬೆಳಗಾದರೆ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಅನ್ನ, ಹೊರಡುವ ಮುಂಚೆ ಚಹಾ. ಸರ್ ಹೆಂಡತಿಯನ್ನು ನಾವು ಅಮ್ಮಾವರು ಎನ್ನುತ್ತಿದ್ದೆವು. ಅವರು ಎಲ್ಲರಿಗಿಂತ ಮೊದಲೆದ್ದು ಒಲೆ ಹೊತ್ತಿಸುತ್ತಿದ್ದರು. ನಾವು ಹೋಗದಿದ್ದರೆ ಅಷ್ಟೂ ಕೆಲಸ ಅವರ ತಲೆಯ ಮೇಲೆ. ಹೇಗೆ ಬಿಟ್ಟು ಕೂರುವುದು? ಒಮ್ಮೆ ನಾನು, "ನಾವೂ ಊರು ನೋಡಿ ಬರತೀವ್ರಿ ಅಮ್ಮಾವ್ರ" ಎಂದೆ. ಅವರು ಹಿಟ್ಟು ನಾದುತ್ತ, "ನಿಮ್ಮನ್ನ ಹಾಡಾಕ ಬಿಟ್ಟಿದ್ದ ಹೆಚ್ಚಾತು. ನಮ್ಮ ಕಾಲದಾಗ ಅದೂ ಇದ್ದಿಲ್ಲ" ಎಂದರು. ಆ ಮಾತಿಗೆ ನನಗೆ ಅವರ ಮೇಲೂ ಸಿಟ್ಟು ಬಂತು.

ಹುಡುಗರು ಸಮುದ್ರಕ್ಕೆ ಹೋದರು, ಮೃಗಾಲಯಕ್ಕೆ ಹೋದರು, ಬೌದ್ಧರ ಗುಡಿಗಳಿಗೆ ಹೋದರು. ತಿರುಗಿ ಬಂದು ತಟ್ಟೆ ಮುಂದೆ ಕೂತು, ಆನೆಗಳು ಹೊಳೆಯಲ್ಲಿ ಹೇಗೆ ಮಲಗಿದ್ದವು ಎಂದು ನಮಗೆ ವರ್ಣಿಸಿದರು. ನಾವು ಬಡಿಸುತ್ತ ಕೇಳಿದೆವು. ಸಂಜೆ ಸೀರೆ ಬದಲಿಸಿ ವೇದಿಕೆ ಹತ್ತಿದರೆ ನನ್ನ ಕೂದಲಿನಿಂದ ನನಗೇ ಹೊಗೆಯ ವಾಸನೆ. ಗೆಳತಿಯ ಗಂಟಲು ದಿನದಿಂದ ದಿನಕ್ಕೆ ಕಟ್ಟುತ್ತಿತ್ತು. ಸರ್ ಕಿವಿಗೆ ಅದು ಬೀಳದೆ ಇರಲಿಲ್ಲ. "ಬಿಸಿನೀರು ಕುಡಿಯವ್ವಾ" ಎಂದರು. ಆ ನೀರನ್ನೂ ಅವಳೇ ಕಾಯಿಸಿಕೊಳ್ಳಬೇಕಿತ್ತು.

ಕ್ಯಾಂಡಿಯಲ್ಲಿ ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಕರೆಸಿದವರ ಮುಂದೆ ಸರ್ ಜಂಬ ಕೊಚ್ಚಿಕೊಂಡಿದ್ದರು, ಹಾಡು ಮುಗಿದ ಮೇಲೆ ನಮ್ಮ ಹುಡುಗಿಯರು ನಿಮಗೆಲ್ಲ ಬಳ್ಳಾರಿ ಊಟ ಬಡಿಸುತ್ತಾರೆ ಎಂದು. ಗೋಧಿ ಹುಗ್ಗಿ, ಕಟ್ಟಿನ ಸಾರು, ಅನ್ನ. ಅಡುಗೆಮನೆ ಹಾಲಿನ ಹಿಂದೆಯೇ ಇತ್ತು. "ಮೊದಲಿನ ಹಾಡು ಹುಡುಗ್ರ ಹಾಡತಾರ. ನಾಟಿ ಹಾಡಿಗೆ ನಿಮ್ಮನ್ನ ಕರಿಯಾಕ ಕಳಸ್ತೀನಿ" ಎಂದು ಹೇಳಿ ಹೋದರು. ನಾವು ಒಳ್ಳೆಯ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಸಿ ಕಟ್ಟಿಗೆ ಊದುತ್ತ ಕಾದೆವು.

ಕರೆಯಲು ಯಾರೂ ಬರಲಿಲ್ಲ. ಗೋಡೆಯಾಚೆಯಿಂದ ನಾಟಿ ಹಾಡೇ ಬಂತು. ಎತ್ತಿದ ದನಿ ಸರ್ ಅವರದು. ಹುಡುಗರು ಹಿಡಿದು ತಿರುಗಿ ಕೊಟ್ಟರು.

ಗೆಳತಿ ಹುಗ್ಗಿ ತಿರುವುತ್ತಿದ್ದವಳು ಕೈ ನಿಲ್ಲಿಸಿದಳು. "ಲೇ, ಅದು ನಮ್ಮ ಹಾಡಲ್ಲೇನಲೇ?" ಎಂದಳು. ನಾನು ಹೌದೆನ್ನುವಷ್ಟರಲ್ಲಿ ಒಲೆಯಿಂದ ಕಟ್ಟಿಗೆ ಹೊರಗೆಳೆದು ಅದರ ಮೇಲೆ ಒಂದು ಕೊಡ ನೀರು ಸುರಿದುಬಿಟ್ಟಳು. ಬೂದಿ ಮೇಲೆದ್ದು ಅಡುಗೆಮನೆಯೆಲ್ಲ ತುಂಬಿತು. ಇನ್ನೊಂದು ಒಲೆಯನ್ನು ನಾನು ಆರಿಸಿದೆ.

ಅಮ್ಮಾವರು ಗಾಬರಿಯಿಂದ, "ಬ್ಯಾಡ್ರವ್ವಾ, ಮಾನ ಹೋಗತೈತಿ" ಎಂದು ನನ್ನ ಕೈ ಹಿಡಿದುಕೊಂಡರು.

"ಯಾರ ಮಾನಾರಿ?" ಎಂದಳು ಗೆಳತಿ. ಅಮ್ಮಾವರು ಕೈ ಬಿಟ್ಟರು. ನಾವಿಬ್ಬರೂ ಹೊರಗೆ ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಒಳಗೆ ಹಾಡು ಮುಗಿದು ಚಪ್ಪಾಳೆ ಬಿತ್ತು.

ಸ್ವಲ್ಪ ಹೊತ್ತಿಗೆ ಸರ್ ಬಂದರು. ಕೊರಳಲ್ಲಿ ಹಾರ ಇನ್ನೂ ಇತ್ತು.

"ಏನಿದು? ಮಂದಿ ಊಟಕ್ಕ ಕುಂತಾರ!"

"ನಮ್ಮನ್ನ ಯಾಕ ಕರೀಲಿಲ್ರಿ ಸರ್?" ಎಂದೆ.

"ಅಡಿಗಿ ಮುಗಿದಿದ್ದಿಲ್ಲಲ್ಲ. ನಿಮಗ್ಯಾಕ ತ್ರಾಸು ಅಂತ ನಾನ ಎತ್ತಿದೆ. ಅದ್ರಾಗ ಏನ್ ತಪ್ಪಾತು?"

"ಗಂಡಸ್ರು ಎತ್ತಿದ್ರ ಕೆಡತೈತಿ ಅಂದಿದ್ರಿ."

"ಎಲ್ಲಿ ಕೆಟ್ಟಿತು? ಚಪ್ಪಾಳಿ ಕೇಳಲಿಲ್ಲೇನು?" ಎಂದರು. ಅವರಿಗೆ ನಿಜಕ್ಕೂ ತಪ್ಪು ಕಾಣುತ್ತಿರಲಿಲ್ಲ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಅವರ ಮುಖದಲ್ಲಿ ಇದ್ದದ್ದು ಬರೀ ಆಶ್ಚರ್ಯ.

ಆ ರಾತ್ರಿ ಬೆಂದದ್ದು ಬೇಯದ್ದು ಎಲ್ಲವನ್ನೂ ಅಮ್ಮಾವರೊಬ್ಬರೇ ಬಡಿಸಿದರು. ಅದು ನನಗೆ ಗೊತ್ತು, ಅದಕ್ಕೂ ನನಗೆ ಸಿಟ್ಟಿದೆ. ಗಂಡ ಮಾಡಿದ್ದಕ್ಕೆ ನಾವು ಎದುರು ನಿಂತರೆ ಬೆನ್ನು ಮುರಿಯುವುದು ಹೆಂಡತಿಯದೇ ಆಗಬೇಕೆಂದು ಯಾರು ಗೊತ್ತುಮಾಡಿದರು?

ಮರುದಿನ ಸರ್ ಎಲ್ಲರೆದುರು, "ನೀವಿಬ್ರೂ ಇನ್ ಅಡಿಗೀನೂ ಮಾಡೂದು ಬ್ಯಾಡ, ಹಾಡೂದೂ ಬ್ಯಾಡ" ಎಂದರು. ಜಾಫ್ನಾದಲ್ಲಿ ನಮ್ಮನ್ನು ಕೇಳುಗರ ನಡುವೆ ಕೂರಿಸಿದರು. ನಾಟಿ ಹಾಡು ಬಂದಾಗ ಗೆಳತಿ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಿದ್ದಳು. ನಾವಿಲ್ಲದೆ ಅದು ಬಿದ್ದುಹೋಗುತ್ತದೆ ಎಂದು ನಾನು ಕಾಯುತ್ತಿದ್ದೆ. ಬೀಳಲಿಲ್ಲ. ಕೂಗಿ ಕರೆದಂತೆ ಎತ್ತುವ ಕಡೆ ಸರ್ ದನಿ ಮೊಂಡಾಗಿತ್ತು, ಆದರೆ ಆ ಜನ ಬೇರೆಯದನ್ನು ಕೇಳಿರಲಿಲ್ಲವಲ್ಲ. ಚಪ್ಪಾಳೆ ಅಷ್ಟೇ ಜೋರಾಗಿ ಬಿತ್ತು.

ಬಳ್ಳಾರಿಗೆ ಬಂದಾಗ ಸ್ಟೇಷನ್ನಿನಲ್ಲಿ ಹಾರ, ಬ್ಯಾಂಡು. ಆ ವಾರ ಕಾಲೇಜಿನಲ್ಲಿ ಸನ್ಮಾನ. ನಾಟಿ ಹಾಡಿನ ಸರದಿ ಬಂದಾಗ ಸರ್ ಮುಂದೆ ಬಂದು, ಇದು ನಮ್ಮ ತಂಡದ ಹುಡುಗರು ಹಳ್ಳಿ ಹಳ್ಳಿ ತಿರುಗಿ ಹುಡುಕಿ ತಂದ ಹಾಡು ಎಂದರು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಗೆಳತಿ ಎದ್ದು ನಿಂತಳು.

"ಆ ಹಾಡು ನಮ್ಮವ್ವಂದ್ರಿ ಸರ್. ಯಾರೂ ಹುಡುಕಿಲ್ಲ. ನಾನ ತಂದಿದ್ದು."

ಹಿಂದೆ ಯಾರೋ ನಕ್ಕರು. ಸರ್ ಹಾರ್ಮೋನಿಯಂ ಕಡೆ ತಿರುಗಿ ಶ್ರುತಿ ಹಿಡಿದರು, ಹಾಡು ಶುರುವಾಯಿತು. ಅವಳು ಅಷ್ಟೂ ಹೊತ್ತು ನಿಂತೇ ಇದ್ದಳು. ನಾನೂ ಎದ್ದು ಜೊತೆಗೆ ನಿಂತೆ.

ಸನ್ಮಾನ ನೋಡಲು ಅಪ್ಪ ಕುರುಗೋಡಿನಿಂದ ಬಂದಿದ್ದರು. ಸರ್ ಆಗಲೇ ಅಪ್ಪನಿಗೆ ಎಲ್ಲ ಹೇಳಿದ್ದರು. ಮನೆಗೆ ನಡೆಯುವಾಗ ಅಪ್ಪ ಮೆಲ್ಲಗೆ, "ಒಂದೀಟು ಅಡಿಗಿ ಮಾಡಿದ್ರ ಏನ್ ಗಂಟು ಹೋಗತಿತ್ತವ್ವಾ?" ಎಂದರು. ನನ್ನನ್ನು ಕಾಲೇಜಿಗೆ ಕಳಿಸಲು ಮನೆಮಂದಿಯನ್ನೆಲ್ಲ ಎದುರುಹಾಕಿಕೊಂಡಿದ್ದ ಅಪ್ಪ. ಬ್ರೂಸ್‌ಪೇಟೆ ಬರುವವರೆಗೆ ನಾನು ಅವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ.

ಗೆಳತಿ ಕಾಲೇಜು ಬಿಟ್ಟಾಳೆಂದು ಎಲ್ಲರೂ ಅಂದುಕೊಂಡರು. ಬಿಡಲಿಲ್ಲ, ಪರೀಕ್ಷೆ ಬರೆದು ಪಾಸಾಗಿಯೇ ಸಿರುಗುಪ್ಪಕ್ಕೆ ಹೋದಳು. ತಂಡಕ್ಕೆ ಮಾತ್ರ ನಾವಿಬ್ಬರೂ ಮತ್ತೆ ಕಾಲಿಡಲಿಲ್ಲ.

ಸನ್ಮಾನವಾದ ಕೆಲವು ದಿನಕ್ಕೆ ತಂಡದ ಒಬ್ಬ ಹುಡುಗ ಸೋದರತ್ತೆಯ ಮನೆ ಹುಡುಕಿಕೊಂಡು ಬಂದ. ಇದ್ದವರಲ್ಲಿ ಮೆತ್ತಗಿನವನು, ಒಮ್ಮೆ ನನ್ನ ಕೈಯಿಂದ ನೀರಿನ ಕೊಡ ಇಸಿದುಕೊಂಡವನು ಅವನೊಬ್ಬನೇ. ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ತಿರುವುತ್ತ, "ನಿಮಗ ಅನ್ಯಾಯ ಆತ್ರಿ. ನಮಗ ಗೊತ್ತಾಗತಿತ್ತು, ಸರ್ ಎದುರು ಬಾಯಿ ಬಿಡಾಕ ಆಗಲಿಲ್ಲ" ಎಂದ.

ಇವನಾದರೂ ಹೇಳಿದನಲ್ಲ ಎನ್ನಿಸಿತು. ಒಳಗೆ ಬನ್ನಿ ಎನ್ನಲಿದ್ದೆ.

"ಏನ ಅನ್ರಿ," ಎಂದ ಅವನು, ಮುಖ ಅರಳಿಸಿ, "ನೀವ್ ಮಾಡತಿದ್ದ ಆ ಸಾರು ಮಾತ್ರ, ಅಂಥಾದ್ದು ನಮ್ಮ ಮನಿಯಾಗೂ ಉಂಡಿಲ್ಲ ನೋಡ್ರಿ."

ನಾನು ಬಾಗಿಲು ಹಾಕಿದೆ. ಒಳಗಿನಿಂದ ಸೋದರತ್ತೆ, "ಯಾರವ್ವಾ ಬಂದಿದ್ದು?" ಎಂದಳು. ಯಾರೂ ಇಲ್ಲವೆಂದೆ.