ನಡುವಿನಲ್ಲಿ ಬಿಡಬೇಕಾದ ಕೈ

ಟಾಕೀಸಿನ ಕತ್ತಲಲ್ಲಿ ಜನರಿಗೆ ಸೀಟು ತೋರಿಸುತ್ತಿದ್ದವನನ್ನು ಎಲ್ಲರೂ ಟಾರ್ಚಣ್ಣ ಎಂದೇ ಕರೆಯುತ್ತಿದ್ದರು. ಸಿನಿಮಾ ಶುರುವಾದ ಮೇಲೆ ಬಂದವರೂ ಅವನ ಬೆಳಕಿನ ಹಿಂದೆ ಹೋದರೆ ಸಾಕು, ಯಾರ ಕಾಲನ್ನೂ ತುಳಿಯದೆ ಕುರ್ಚಿ ಸೇರುತ್ತಿದ್ದರು. ಮಗು ಎತ್ತಿಕೊಂಡವರಿಗೆ ಬಾಗಿಲ ಹತ್ತಿರದ ಸೀಟು, ಜಗಳ ಆಡಿಕೊಂಡು ಬಂದ ಗಂಡ ಹೆಂಡಿರಿಗೆ ಮೂಲೆಯ ಜೋಡಿ ಸೀಟು. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಟಾಕೀಸು ಮುಚ್ಚಿತು. ಟಾರ್ಚಣ್ಣ ಮನೆ ಮೆಟ್ಟಿಲ ಮೇಲೆ ಕೂತ. ಒಳಗೆ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ, ಇವನು ಬೀದಿಯಲ್ಲಿ ಹೋಗುವವರಿಗೆಲ್ಲ ದಾರಿ ಹೇಳುತ್ತಿದ್ದ, ಕೇಳದವರಿಗೂ.

"ಅವರ ಮನೆ ದಾರಿ ಅವರಿಗೆ ಗೊತ್ತಿರುತ್ತೆ, ಸುಮ್ನೆ ಕೂತ್ಕೊಳ್ರೀ," ಎಂದು ಅವಳು ಒಳಗಿಂದಲೇ ಗದರುತ್ತಿದ್ದಳು.

ಆಮೇಲೆ ನಾಟಕದ ಗುಂಪೊಂದು ಬಂದು ಟಾಕೀಸನ್ನು ಬಾಡಿಗೆಗೆ ಹಿಡಿಯಿತು. ಅವರು ಮೊದಲು ಮಾಡಿದ ಕೆಲಸ ಕುರ್ಚಿಗಳನ್ನೆಲ್ಲ ಕಿತ್ತು ಹೊರಗೆ ಹಾಕಿದ್ದು. ಟಾರ್ಚಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಆದರೆ ನಾಟಕ ಮಾಡಿಸುವ ಹುಡುಗಿ ಅವನನ್ನೇ ಕೆಲಸಕ್ಕೆ ಕರೆದಳು. ಆ ಕತ್ತಲಲ್ಲಿ ಸದ್ದಿಲ್ಲದೆ ಓಡಾಡಬಲ್ಲವರು ಬೇರೆ ಯಾರಿದ್ದರು?

ನಾಟಕವೂ ವಿಚಿತ್ರದ್ದೇ. ನೋಡಲು ಬಂದವರು ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಕಗ್ಗತ್ತಲೆಗೆ ಕಾಲಿಡಬೇಕು. ಕಾಲಡಿ ಮರಳು, ಮುಖಕ್ಕೆ ತಾಗುವ ಒದ್ದೆ ಬಟ್ಟೆ, ಕಿವಿಯ ಪಕ್ಕ ಯಾರದೋ ಉಸಿರು. ಒಂದು ಕೈ ಬಂದು ಅವರ ಕೈ ಹಿಡಿದು ನಡುವಿನವರೆಗೆ ನಡೆಸಿ, ಅಲ್ಲೇ ಬಿಟ್ಟು ಮಾಯವಾಗಬೇಕು. ಮುಂದೆ ಅವರ ಪಾಡು ಅವರದು; ತಡವರಿಸಿಕೊಂಡು ಹಿಂಬಾಗಿಲು ಹುಡುಕಿಕೊಳ್ಳಬೇಕು. ಆ ಕೈ ಟಾರ್ಚಣ್ಣನದು. ಮಾತಾಡುವಂತಿಲ್ಲ, ಟಾರ್ಚು ಮುಟ್ಟುವಂತಿಲ್ಲ.

ತಾಲೀಮಿನಲ್ಲಿ ಅವನು ಎಲ್ಲರನ್ನೂ ನೆಟ್ಟಗೆ ಹಿಂಬಾಗಿಲ ತನಕ ತಲುಪಿಸಿಬಿಟ್ಟ. "ಹುಷಾರು, ಮುಂದೆ ಮೆಟ್ಟಿಲಿದೆ," ಎಂದೂ ಹೇಳಿದ.

"ಟಾರ್ಚ್ ಮಾಮಾ, ಕೈ ಬಿಡ್ಬೇಕು. ಬಿಡದೇ ಇದ್ರೆ ನಾಟಕಾನೇ ಇಲ್ಲ," ಎಂದಳು ಹುಡುಗಿ.

"ಬಿದ್ರೆ ಏನಮ್ಮಾ ಗತಿ?"

"ಬೀಳಲ್ಲ, ಸುತ್ತ ನಮ್ಮೋರಿದಾರೆ. ನೋಡೋರು ಬರೋದೇ ಹೆದರ್ಕೊಳ್ಳೋಕೆ ಮಾಮಾ. ನಾಳೆ ಮೊದಲನೇ ಆಟ. ನಾಳೆನೂ ಹೀಗೇ ಮಾಡಿದ್ರೆ ಬೇಜಾರು ಮಾಡ್ಕೋಬೇಡಿ, ಬೇರೆಯವರನ್ನ ಹಾಕ್ಕೋತೀನಿ."

ಮತ್ತೆ ಮನೆ ಮೆಟ್ಟಿಲೇ ಗತಿಯೇನೋ ಎಂದು ನೆನೆದು ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನದ ಆಟದಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಒಬ್ಬೊಬ್ಬರನ್ನೇ ಬಿಟ್ಟ. ಒಬ್ಬಾಕೆ ಕಿರುಚಿದಳು. ಒಬ್ಬ ಮೇಷ್ಟ್ರು ಧೈರ್ಯಕ್ಕೆ ಗಟ್ಟಿಯಾಗಿ ಮಗ್ಗಿ ಹೇಳಿಕೊಂಡು ಹೋದರು. ಪರವಾಗಿಲ್ಲ, ಕೈ ಬಿಡುವುದು ರೂಢಿಯಾಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಮತ್ತೊಂದು ಕೈ ಸಿಕ್ಕಿತು. ಹೆಬ್ಬೆರಳ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಆದ ಜಡ್ಡು.

ಅವನ ಹೆಂಡತಿ! ಮನೆಯಲ್ಲಿ ಕರೆಂಟು ಹೋದರೆ, ಇವನು ಓಗೊಡುವ ತನಕ ಕೂತಲ್ಲಿಂದ ಅಲುಗಾಡದವಳು. ಬರುತ್ತೇನೆಂದು ಒಂದು ಮಾತೂ ಹೇಳಿರಲಿಲ್ಲ.

ನಡುವಿಗೆ ಬಂದರು. ಅವನ ಬೆರಳು ಬಿಚ್ಚಲೇ ಇಲ್ಲ. ಹೆಜ್ಜೆಯ ಸದ್ದು ನಿಂತದ್ದು ಕೇಳಿ ಬಾಲ್ಕನಿಯಿಂದ ಹುಡುಗಿ ಕೆಮ್ಮಿದಳು.

"ಬಿಡ್ರೀ," ಎಂದಿತು ಕಿವಿಯಲ್ಲಿ ಹೆಂಡತಿಯ ಪಿಸುಮಾತು. ನಡಿಗೆಯಿಂದಲೇ ಗಂಡನ ಗುರುತು ಹಿಡಿದಿದ್ದಳು.

"ಹೆದರ್ತೀಯ ಕಣೇ."

"ಹೆದರ್ತೀನಿ. ಅದಕ್ಕೇ ಟಿಕೆಟ್ ತಗೊಂಡು ಬಂದಿರೋದು. ಬಿಡ್ರೀ ಅಂದ್ರೆ!" ಎನ್ನುತ್ತಲೇ ಚಿವುಟಿದಳು.

ಬಿಟ್ಟ. ಕಿವಿಗೊಟ್ಟು ನಿಂತ. ಅವಳ ಹೆಜ್ಜೆ ಮರಳಲ್ಲಿ ಸರಸರ ಎಂದು, ನಿಂತು, ಮತ್ತೆ ಹೊರಟಿತು. "ಅಯ್ಯೋ, ಒದ್ದೆ!" ಎಂದಳು. ಆಮೇಲೆ ಸದ್ದೇ ಇಲ್ಲ. ಟಾರ್ಚಣ್ಣ ಇನ್ನೇನು ಅತ್ತ ನುಗ್ಗಬೇಕು, ಅಷ್ಟರಲ್ಲಿ ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವಂಥ ನಗು. ಅವಳಲ್ಲಿ ಅಂಥ ನಗು ಇದೆಯೆಂಬುದೇ ಅವನಿಗೆ ಮರೆತುಹೋಗಿತ್ತು. ಕಿವಿಯಲ್ಲಿ ಉಸಿರು ಬಿಡಬೇಕಾದ ನಟನೂ ತಡೆಯಲಾರದೆ ಕಿಸಕ್ಕೆಂದ. ನಗು ಹಾಗೇ ದೂರ ಸರಿಯುತ್ತ ಹೋಗಿ ಹಿಂಬಾಗಿಲು ದಾಟಿತು.

ಆಟ ಮುಗಿದ ಮೇಲೆ ಹುಡುಗಿ ದಡದಡ ಇಳಿದು ಬಂದಳು. "ಮಾಮಾ, ಬಿಟ್ರಲ್ಲ!"

"ನಾನೆಲ್ಲಮ್ಮಾ ಬಿಟ್ಟೆ, ಅವಳೇ ಬಿಡಿಸ್ಕೊಂಡ್ಲು."

"ಹೇಗೋ ಆಯ್ತಲ್ಲ. ಮುಂದಿನ ಆಟಕ್ಕೂ ನೀವೇ. ನಾಳೆ ಸ್ವಲ್ಪ ಬೇಗ ಬನ್ನಿ."

ಹೊರಗೆ ಹೆಂಡತಿ ಪಾದದ ಮರಳು ಕೊಡವುತ್ತ, ಮುಂದಿನ ಆಟಕ್ಕೆ ಸಾಲು ನಿಂತವರ ಮುಂದೆ ಠೀವಿಯಿಂದ ನಿಂತಿದ್ದಳು. ಟಾರ್ಚಣ್ಣ ಹತ್ತಿರ ಹೋದ.

"ಒಳಗೆ ಏನಾಯ್ತೇ? ಯಾಕೆ ಹಾಗೆ ನಕ್ಕೆ?"

"ಹೇಳಲ್ಲ," ಎಂದವಳೇ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. "ಈ ಸಲ ನಡುವಿನ ತನಕ ಬರೋದೂ ಬೇಡ. ಬಾಗಿಲಲ್ಲೇ ಬಿಟ್ಬಿಡಿ."